ಸವೆದ ಹಿಡಿಯೂ ಘರ್ಷಣೆಯೂ

ಬೀಸುವ ಕಲ್ಲು ಬಹುಕಾಲ ತಿರುಗಿ ನುಣುಪಾದರೆ ಕಾಳು ಚೆನ್ನಾಗಿ ನುರಿಯದು. ಆಗ ಅದರ ಮುಖದ ಮೇಲೆ ಉಳಿಯಿಂದ ಸಣ್ಣ ಸಣ್ಣ ಕುಳಿಗಳನ್ನು ಹೊಡೆಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸವೆದ ಮೈಗೆ ಮತ್ತೆ ಒರಟುತನವನ್ನು ಕೊಡುವ ಇಂತಹದೇ ಕೆಲಸವು ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲುಗಳ ಹಿಡಿಯ ಮೇಲೂ ನಡೆಯುವುದುಂಟು. ಆದರೆ ಕಲ್ಲಿಗೆ ಸಲ್ಲುವುದೆಲ್ಲ ಪ್ಲಾಸ್ಟಿಕ್ಕಿಗೆ ಸಲ್ಲದು. ಇದೇಕೆಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ.

ಆಸ್ಟ್ರಿಯಾ ದೇಶದ ಸೈನ್ಯವು 1982ರಲ್ಲಿ ಅಂಗೀಕರಿಸಿದ ಗ್ಲಾಕ್ 17 ಪಿಸ್ತೂಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ನಳಿಗೆ ಉಕ್ಕಿನದು. ಹಿಡಿಯನ್ನೊಳಗೊಂಡ ಚೌಕಟ್ಟು ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನದು. ಸುಮಾರು 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಿಂದ ಹೊರಡುವುದೆಂದಿಟ್ಟುಕೊಳ್ಳೋಣ. ಗುಂಡು ತುಂಬಿದ ಪಿಸ್ತೂಲಿನ ತೂಕ ಸುಮಾರು 900 ಗ್ರಾಂ. ಸಂವೇಗವು ಉಳಿಯಲೇಬೇಕಾದುದರಿಂದ, ಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಬಿಡಿಯಾಗಿರುವ ಪಿಸ್ತೂಲು ಸೆಕೆಂಡಿಗೆ 3 ಮೀಟರಿಗೂ ಹೆಚ್ಚಿನ ವೇಗದಿಂದ ಹಿಂದಕ್ಕೆ ಚಿಮ್ಮಬೇಕು. ನಳಿಗೆಯು ಕೈಗಿಂತ ಮೇಲಿರುವುದರಿಂದ ಅದರ ಮೂತಿ ಮೇಲಕ್ಕೆ ತಿರುಗಲು ಯತ್ನಿಸುತ್ತದೆ. ಇದನ್ನು ತಡೆಯುವುದು ಅಂಗೈಯ ಒತ್ತಡ ಮತ್ತು ಘರ್ಷಣೆ. ಹಿಡಿ ಜಾರಿದರೆ ಮುಂದಿನ ಗುಂಡು ಗುರಿ ತಪ್ಪುವುದು. ತಪ್ಪಿದ ಗುಂಡು ಯಾರಿಗೆ ತಾಗೀತೆಂದು ಹೇಳಲಾಗದು.

ನುಣುಪಾದ ವಸ್ತುವೆಲ್ಲ ಜಾರುವುದೆಂದು ಸಾಮಾನ್ಯರ ನಂಬಿಕೆ. ಇದು ಪೂರ್ಣ ಸತ್ಯವಲ್ಲ. ತೊಳೆದು ಒರಸಿದ ಗಾಜಿನ ಲೋಟದ ಮೇಲೆ ಒಣಗಿದ ಬೆರಳನ್ನು ಒತ್ತಿ ಎಳೆದು ನೋಡಿ. ಅದು ತಡೆತಡೆದು ಸಾಗುತ್ತದೆ. ಮೆತ್ತನೆಯ ಚರ್ಮವು ನುಣುಪು ಮೈಗೆ ಚೆನ್ನಾಗಿ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಅದೇ ಲೋಟಕ್ಕೆ ಸಾಬೂನು ನೀರು ಸವರಿದರೆ ಬೆರಳು ಒಡನೆಯೇ ಜಾರುವುದು. ನಡುವೆ ನಿಂತ ದ್ರವದ ತೆಳುಪದರವು ಎರಡು ಮೈಗಳನ್ನೂ ಬೇರ್ಪಡಿಸುತ್ತದೆ. ಬೆವರಿದ ಅಂಗೈಯಲ್ಲಿ ನಡೆಯುವುದೂ ಇದೇ. ಹಿಡಿಯ ಮೇಲಿನ ಉಬ್ಬುಗಳು ಆ ಪದರವನ್ನು ಭೇದಿಸಿ ಚರ್ಮವನ್ನು ಮುಟ್ಟುತ್ತವೆ. ತಗ್ಗುಗಳು ಬೆವರಿಗೆ ಹರಿಯಲು ದಾರಿಗೊಡುತ್ತವೆ. ಚರ್ಮವೂ ತಗ್ಗುಗಳೊಳಗೆ ಇಳಿದು ಸಿಕ್ಕಿಕೊಳ್ಳುವುದರಿಂದ ಜಾರುವುದು ಇನ್ನೂ ಕಷ್ಟವಾಗುತ್ತದೆ. ಪಂದ್ಯದ ಕಾರುಗಳು ಒಣ ರಸ್ತೆಯಲ್ಲಿ ನುಣುಪು ಟಯರುಗಳಿಂದ ಓಡಿ, ಮಳೆ ಬಂದಾಗ ಗೆರೆಯುಳ್ಳ ಟಯರುಗಳನ್ನು ಹಾಕಿಕೊಳ್ಳುವುದೂ ಇದೇ ತತ್ತ್ವದಿಂದ.

ಇನ್ನು ಹಿಡಿ ನುಣುಪಾಗುವ ಬಗೆ ಎರಡು. ಉಜ್ಜಾಟದಿಂದ ಉಬ್ಬುಗಳು ಸವೆಯಬಹುದು. ಇಲ್ಲವೇ ಎಣ್ಣೆ, ಧೂಳು, ಚರ್ಮದ ಜಿಡ್ಡುಗಳಿಂದ ತಗ್ಗುಗಳು ತುಂಬಬಹುದು. ಆದುದರಿಂದ ಗುಂಡುಗಳನ್ನು ಪೂರ್ತಿಯಾಗಿ ತೆಗೆದ ಮೇಲೆ ಹಿಡಿಯನ್ನು ಸಾಬೂನು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆದು ನೋಡುವುದೇ ಮೊದಲ ಕೆಲಸ. ರೋಗವನ್ನು ತಿಳಿಯದೆ ಮದ್ದು ಕೊಡಬಾರದಷ್ಟೆ.

ನಿಜವಾಗಿ ಸವೆದಿದ್ದರೆ ಒರಟು ಮೈಯ ಅಂಟುಪಟ್ಟಿಯನ್ನೋ ರಬ್ಬರಿನ ಕವಚವನ್ನೋ ಹಾಕಬಹುದು. ಇವು ಮತ್ತೆ ತೆಗೆಯಬಹುದಾದ ಉಪಾಯಗಳು. ಇನ್ನೊಂದು ವಿಧಾನದಲ್ಲಿ ಸೋಲ್ಡರಿಂಗ್ ಐರನ್ನಿನ ಕಾದ ತುದಿಯಿಂದ ಹಿಡಿಯ ಮೇಲೆ ಸಾಲುಸಾಲಾಗಿ ಕುಳಿಗಳನ್ನು ಒತ್ತುತ್ತಾರೆ. ಕಾಸಿದರೆ ಕರಗಿ ಆರಿದರೆ ಗಟ್ಟಿಯಾಗುವ ಗುಣ ನೈಲಾನಿಗೆ ಇರುವುದರಿಂದ ಇದು ಸಾಧ್ಯ. ಬೇಕಲೈಟಾದರೆ ಕರಗದೆ ಕರಕಾಗುವುದು. ನೈಲಾನ್ 66 ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತುದಿಯು ಅತಿಯಾಗಿ ಕಾದರೆ ಪ್ಲಾಸ್ಟಿಕ್ಕೇ ವಿಘಟನೆ ಹೊಂದಿ ಕೆಟ್ಟ ಹೊಗೆಯನ್ನು ಬಿಡುತ್ತದೆ.

ಮುಖ್ಯವಾದ ಅಪಾಯ ಬೇರೆಯಿದೆ. ಹಲಗೆಯ ಬಾಗದಿರುವ ಬಿಗಿಯು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. 3 ಮಿಲಿಮೀಟರ್ ದಪ್ಪದ ಗೋಡೆಯನ್ನು ಎಲ್ಲೆಡೆಯೂ 2.4 ಮಿಲಿಮೀಟರಿಗೆ ಇಳಿಸಿದೆವೆನ್ನೋಣ. ದಪ್ಪದಲ್ಲಿ ಹೋದದ್ದು ಐದರಲ್ಲಿ ಒಂದು ಪಾಲು. ಬಿಗಿಯಲ್ಲಿ ಹೋದದ್ದು ಹೆಚ್ಚುಕಡಮೆ ಅರ್ಧ! ಕುಳಿಗಳು ಬಿಡಿಬಿಡಿಯಾಗಿರುವುದರಿಂದ ನಷ್ಟವು ಇಷ್ಟಾಗಲಾರದು. ಆದರೆ ಆಳವಾದ ಕುಳಿಯ ತಳದಲ್ಲಿ ಎಳೆತವು ಒಟ್ಟುಗೂಡುವುದರಿಂದ ಬಿರುಕು ಅಲ್ಲಿಂದಲೇ ಹುಟ್ಟುವ ಸಂಭವವುಂಟು. ಬೀಸುವ ಕಲ್ಲಿನ ದಪ್ಪ ಅಂಗುಲಗಳ ಲೆಕ್ಕ; ಹಿಡಿಯ ಗೋಡೆಯದು ಮಿಲಿಮೀಟರುಗಳ ಲೆಕ್ಕ. ಕಲ್ಲಿಗೆ ಮತ್ತೆ ಮತ್ತೆ ಉಳಿ ಹಾಕಬಹುದು, ಹಿಡಿಗೆ ಹಾಗಲ್ಲ. ಆಳವು ಎಲ್ಲೆಡೆಯೂ ಒಂದೇ ಆಗಿರಲೆಂದೇ ಕೆಲವರು ಕೈಕೆಲಸವನ್ನು ಬಿಟ್ಟು ಲೇಸರ್ ಕಿರಣದಿಂದ ಕೊರೆಯುತ್ತಾರೆ.

ನಮ್ಮ ದೇಶದಲ್ಲಿ ಬಂದೂಕು ಪಿಸ್ತೂಲುಗಳ ದುರಸ್ತಿಯು 1959ರ ಶಸ್ತ್ರಾಸ್ತ್ರ ಕಾಯಿದೆಗೆ ಒಳಪಟ್ಟದ್ದು. ಅದು ಪರವಾನಗಿಯುಳ್ಳವರ ಕೆಲಸ. ವಿದ್ಯಾರ್ಥಿಗಳು ಮೇಲಿನ ನಿಯಮವನ್ನು ಎರಡು ಪ್ಲಾಸ್ಟಿಕ್ ಅಳತೆಪಟ್ಟಿಗಳಿಂದಲೇ ಪರೀಕ್ಷಿಸಬಹುದು. ಒಂದೇ ಪ್ಲಾಸ್ಟಿಕ್ಕಿನ, ಒಂದೇ ಅಗಲದ, ಆದರೆ ಬೇರೆ ಬೇರೆ ದಪ್ಪದ ಪಟ್ಟಿಗಳನ್ನು ಮೇಜಿನಂಚಿನಿಂದ ಸಮನಾಗಿ ಹೊರಚಾಚಿ ಬಿಗಿದು, ತುದಿಗೆ ಒಂದೇ ತೂಕವನ್ನು ತೂಗಹಾಕಿ, ಬಾಗಿದ ದೂರವನ್ನು ಅಳೆಯಿರಿ. ತೆಳುಪಟ್ಟಿಯ ದಪ್ಪವು ಇನ್ನೊಂದರ ಅರ್ಧವಾಗಿದ್ದರೆ ಅದು ಎಂಟು ಪಾಲು ಬಾಗಬೇಕು. ಅಳೆದು ನೋಡಿ, ಲೆಕ್ಕದೊಡನೆ ಹೋಲಿಸಿರಿ.