ಕತ್ತಲಲ್ಲಿ ದಾರಿ ಬದಲಿಸಬೇಡಿ: ಸಂತ ಇನ್ನಾಸಿಯವರಿಂದ ಯಾತ್ರಿಕರಿಗೆ ಒಂದು ಪಾಠ



ಬೆಟ್ಟ ಹತ್ತಿ ಬರುವ ಭಕ್ತಾದಿಗಳು ಕಚೇರಿಯ ಕಿಟಕಿಯಲ್ಲಿ ಪೂಜೆ ಬರೆಸುವಾಗ ತಮ್ಮ ಬೇಡಿಕೆಗಳನ್ನು ಹೇಳುತ್ತಾರೆ. ಮಗನ ಕೆಲಸ, ಮಗಳ ಮದುವೆ, ಯಜಮಾನರ ಕುಡಿತ, ಬ್ಯಾಂಕಿನ ಸಾಲ, ಆಪರೇಷನ್. ಇವೆಲ್ಲ ಮೊದಲಿನಿಂದಲೂ ಇದ್ದದ್ದೇ. ಈಚೆಗೆ ಮೊಬೈಲಿನ ಜೂಜು, ಮೊಬೈಲಿನ ಸಾಲ ಇವೆರಡೂ ಸೇರಿಕೊಂಡಿವೆ. ಆದರೆ ರಸೀದಿ ಪುಸ್ತಕದಲ್ಲಿ ಬರೆಯಲು ಆಗದ ಬೇಡಿಕೆ ಇನ್ನೊಂದಿದೆ. ಕೆಲವರು ರಸೀದಿ ತಗೊಂಡ ಮೇಲೂ ಹೋಗದೆ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: "ಸಾರ್, ಎಷ್ಟು ಪ್ರಾರ್ಥನೆ ಮಾಡಿದ್ರೂ ಮನಸ್ಸಿಗೆ ಏನೂ ಅನ್ನಿಸ್ತಾ ಇಲ್ಲ. ಮೊದ್ಲಿದ್ದ ನಂಬಿಕೆ ಈಗಿಲ್ಲ. ಎಲ್ಲಾ ಬಿಟ್ಬಿಡೋಣ ಅನ್ಸತ್ತೆ." ಇದಕ್ಕೆ ಉತ್ತರ ಹೇಳಬೇಕಾದವರು ಗುರುಗಳು, ಗುಮಾಸ್ತನಲ್ಲ. ಆದರೆ ಇದೇ ಸಂಕಟವನ್ನು ಒಬ್ಬ ದೊಡ್ಡ ಸಂತರು ಅನುಭವಿಸಿ, ಅದರಿಂದ ಹೊರಬರುವ ದಾರಿಯನ್ನೂ ಬರೆದಿಟ್ಟಿದ್ದಾರೆ. ಅದನ್ನು ತಿಳಿಸುವುದಕ್ಕಾಗಿ ಈ ಪಾಠ.

ನಮ್ಮ ಹಳ್ಳಿಗಳ ಕ್ರೈಸ್ತ ಮನೆತನಗಳಲ್ಲಿ ಇನ್ನಾಸಪ್ಪ, ಇನ್ನಾಸಮ್ಮ ಎಂಬ ಹೆಸರುಗಳಿವೆ. ಚೌರಪ್ಪ, ಶೌರಪ್ಪ ಎಂಬುವೂ ಇವೆ. ಇನ್ನಾಸಪ್ಪ ಎಂದರೆ ಸಂತ ಇಗ್ನೇಷಿಯಸ್ ಲೊಯೋಲಾ, ಚೌರಪ್ಪ ಎಂದರೆ ಅವರ ಗೆಳೆಯ ಸಂತ ಫ್ರಾನ್ಸಿಸ್ ಝೇವಿಯರ್. ಹೆಸರು ಮಾತ್ರ ಅಜ್ಜನಿಂದ ಮೊಮ್ಮಗನಿಗೆ ಬಂದಿದೆ, ಕಥೆ ಬಂದಿಲ್ಲ.

ಇನ್ನಾಸಿಯವರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಬಾಸ್ಕ್ ಸೀಮೆಯ ಲೊಯೋಲಾ ಎಂಬ ಮನೆತನದಲ್ಲಿ. ಹುಟ್ಟು ಹೆಸರು ಇನಿಗೋ. ಚಿಕ್ಕಂದಿನಿಂದ ಸಂತನಾಗುವ ಲಕ್ಷಣ ಏನೂ ಇರಲಿಲ್ಲ. ಒಳ್ಳೆಯ ಉಡುಪು, ಕತ್ತಿವರಸೆ, ಹೆಂಗಸರ ಮುಂದೆ ಮೆರೆಯುವುದು, ನಾಲ್ಕು ಜನರಿಂದ ಶಹಬಾಸ್ ಅನ್ನಿಸಿಕೊಳ್ಳುವುದು, ಇಷ್ಟೇ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಒಂದು ಕಾಲು ಮುರಿಯಿತು, ಇನ್ನೊಂದಕ್ಕೂ ಗಾಯವಾಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಾಗ ಅದನ್ನು ಮತ್ತೆ ಮುರಿದು ಕೂರಿಸಿದರು. ಆಮೇಲೂ ಮೊಣಕಾಲಿನ ಕೆಳಗೆ ಒಂದು ಮೂಳೆ ಎದ್ದು ಕಾಣುತ್ತಿತ್ತು. ಬಿಗಿಯಾದ ಬೂಟು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲವಲ್ಲ ಅಂತ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಮತ್ತು ಬರಿಸುವ ಔಷಧಿ ಇಲ್ಲದ ಕಾಲ ಅದು. ಶೋಕಿಗಾಗಿ ಮನುಷ್ಯ ಎಷ್ಟು ನೋವನ್ನಾದರೂ ತಿನ್ನುತ್ತಾನೆ ನೋಡಿ.

ಹಾಸಿಗೆ ಹಿಡಿದವರಿಗೆ ಹೊತ್ತು ಹೋಗಬೇಕಲ್ಲ. ವೀರರ, ಪ್ರೇಮಿಗಳ ಕಥೆಪುಸ್ತಕ ಕೇಳಿದರು. ಆ ಮನೆಯಲ್ಲಿ ಅದು ಒಂದೂ ಇರಲಿಲ್ಲ. ಇದ್ದದ್ದು ಎರಡೇ: ಕ್ರಿಸ್ತರ ಜೀವನ ಚರಿತ್ರೆ, ಸಂತರ ಚರಿತ್ರೆ. ಬೇರೆ ದಾರಿಯಿಲ್ಲದೆ ಅದನ್ನೇ ಓದಿದರು. ಓದುತ್ತಾ, ನಡುನಡುವೆ ಒಬ್ಬ ದೊಡ್ಡ ಮನೆತನದ ಹೆಂಗಸಿನ ಬಗ್ಗೆ ಗಂಟೆಗಟ್ಟಲೆ ಕನಸು ಕಾಣುತ್ತಾ, ಮಲಗಿದಲ್ಲೇ ಒಂದು ವಿಷಯ ಗಮನಿಸಿದರು. ಲೋಕದ ಕನಸೂ ಸಿಹಿ, ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬಾಳಬೇಕೆಂಬ ಯೋಚನೆಯೂ ಸಿಹಿ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಇದರಲ್ಲಿ ಪವಾಡ ಏನೂ ಇಲ್ಲ, ದರ್ಶನ ಇಲ್ಲ. ಬರೀ ಗಮನಿಸಿದ್ದು. ಶೋಧನೆಯನ್ನು ಗುರುತಿಸಲು ಇದಕ್ಕಿಂತ ಸುಲಭದ ಅಳತೆಗೋಲು ಇಲ್ಲ. ಶೋಧನೆ ಬರುವಾಗ ಕಹಿಯಾಗಿ ಬರುವುದೇ ಇಲ್ಲ. ಮೊಬೈಲ್ ಆಟದಲ್ಲಿ ಮೊದಲು ಐನೂರು ಗೆದ್ದಾಗ, ಪಕ್ಕದ ಮನೆಯವರ ವಿಷಯ ಆಡಿಕೊಂಡಾಗ, ಆಫೀಸಿನಲ್ಲಿ ಕವರ್ ಕೈಗೆ ಬಂದಾಗ ಹಿತವಾಗಿಯೇ ಇರುತ್ತದೆ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಹೇಗಿರುತ್ತದೆ, ಮರುದಿನ ಬೆಳಿಗ್ಗೆ ಹೆಂಡತಿ ಮಕ್ಕಳ ಮುಖ ನೋಡುವಾಗ ಹೇಗಿರುತ್ತದೆ, ಅದನ್ನು ಲೆಕ್ಕ ಹಿಡಿಯಬೇಕು.

ಕಾಲು ವಾಸಿಯಾಯಿತು, ಕುಂಟು ಉಳಿಯಿತು. 1522ರ ಮಾರ್ಚ್ ತಿಂಗಳಲ್ಲಿ ಅವರು ಮೊನ್ಸೆರಾತ್ ಎಂಬ ಬೆಟ್ಟಕ್ಕೆ ಬಂದರು. ಅದೂ ನಮ್ಮ ಹಾಗೆ ಬೆಟ್ಟದ ಮೇಲಿನ ಪುಣ್ಯಕ್ಷೇತ್ರ. ಅಲ್ಲಿನ ಮಾತೆ ಮರಿಯಮ್ಮನವರ ಸ್ವರೂಪ ಕಪ್ಪು ಬಣ್ಣದ್ದು. ಹಿಂದಿನ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಬೆಲೆಬಾಳುವ ಬಟ್ಟೆಯನ್ನು ಒಬ್ಬ ಭಿಕ್ಷುಕನಿಗೆ ಕೊಟ್ಟು ಗೋಣಿಯಂಥ ಒರಟು ಅಂಗಿ ತೊಟ್ಟರು. ಮಾರ್ಚ್ 24ರ ರಾತ್ರಿ ಪೂರ್ತಿ ಮಾತೆಯ ಪೀಠದ ಮುಂದೆ ಸ್ವಲ್ಪ ಹೊತ್ತು ನಿಂತು, ಸ್ವಲ್ಪ ಹೊತ್ತು ಮಂಡಿಯೂರಿ ಜಾಗರಣೆ ಮಾಡಿ, ಕತ್ತಿ ಕಠಾರಿಗಳನ್ನು ಅಲ್ಲೇ ಒಪ್ಪಿಸಿದರು. ಬೆಳಗಾಗುವಾಗ ಬೆಟ್ಟ ಇಳಿದರು. ದಾರಿಯಲ್ಲಿ ಒಬ್ಬಾತ ಹಿಂದಿನಿಂದ ಬಂದು, ಆ ಬಟ್ಟೆ ನೀವೇ ಕೊಟ್ಟಿದ್ದಾ ಎಂದು ವಿಚಾರಿಸಿದ. ಪಾಪ, ಆ ಭಿಕ್ಷುಕನನ್ನು ಕಳ್ಳ ಎಂದು ಹಿಡಿದಿದ್ದರಂತೆ. ಇನ್ನಾಸಿಯವರ ಕಣ್ಣಲ್ಲಿ ನೀರು ಬಂತು. ಪುಣ್ಯದ ಕೆಲಸದ ಬಾಲಕ್ಕೇ ತೊಂದರೆ ಅಂಟಿಕೊಂಡು ಬರುವುದು ಆಗಲೂ ಇತ್ತು.

ನಾವು ತಿಳಿದುಕೊಳ್ಳುವುದು, ಇಷ್ಟೆಲ್ಲ ಮಾಡಿದ ಮೇಲೆ ಶೋಧನೆ ಮುಗಿಯಿತು ಅಂತ. ಬೆಟ್ಟಕ್ಕೆ ಹೋಗಿ ಬಂದಾಯ್ತು, ಹರಕೆ ತೀರಿಸಿದ್ದಾಯ್ತು, ಇನ್ನು ಎಲ್ಲಾ ಸರಿಹೋಗತ್ತೆ ಅಂತ. ಇನ್ನಾಸಿಯವರಿಗೆ ನಿಜವಾದ ಪರೀಕ್ಷೆ ಶುರುವಾದದ್ದೇ ಬೆಟ್ಟ ಇಳಿದ ಮೇಲೆ, ಮನ್ರೇಸಾ ಎಂಬ ಊರಿನಲ್ಲಿ. ಕೆಲವು ದಿನ ಇರೋಣ ಎಂದು ಹೋದವರು 1523ರ ಮೊದಲ ತಿಂಗಳುಗಳವರೆಗೆ ಅಲ್ಲೇ ಉಳಿದರು. ಮೊದಮೊದಲು ಆನಂದವಾಗಿಯೇ ಇತ್ತು. ದಿನಕ್ಕೆ ಏಳು ಗಂಟೆ ಮಂಡಿಯೂರಿ ಪ್ರಾರ್ಥನೆ, ಭಿಕ್ಷೆಯ ಊಟ. ಒಂದು ದಿನ ಒಳಗಿನಿಂದ ಒಂದು ಪ್ರಶ್ನೆ ಎದ್ದಿತು: ಇನ್ನೂ ಎಪ್ಪತ್ತು ವರ್ಷ ಬದುಕಬೇಕಲ್ಲ, ಅಷ್ಟು ಕಾಲ ಈ ಕಷ್ಟ ಹೇಗೆ ತಡೆದುಕೊಳ್ಳುತ್ತೀಯೆ? ಇದು ಯಾರ ಮಾತು ಎಂದು ಅವರಿಗೆ ಕೂಡಲೇ ತಿಳಿಯಿತು. ನನಗೆ ಒಂದು ಗಂಟೆಯ ಆಯಸ್ಸಿನ ಭರವಸೆ ಕೊಡಲು ನಿನ್ನಿಂದ ಆಗುತ್ತದೆಯೇ ಎಂದು ಅದನ್ನೇ ತಿರುಗಿ ಕೇಳಿದರು. ಅಲ್ಲಿಗೆ ಅದು ಸುಮ್ಮನಾಯಿತು.

ಕುಡಿತ ಬಿಡಬೇಕೆಂದಿರುವ ಅಣ್ಣಂದಿರು ಈ ಭಾಗವನ್ನು ಎರಡು ಸಲ ಓದಬೇಕೆಂದು ವಿನಂತಿ. "ಜೀವಮಾನ ಪೂರ್ತಿ ಕುಡೀದೆ ಹ್ಯಾಗಿರ್ಲಿ" ಎಂದು ಯೋಚಿಸಿದವನು ಸಂಜೆಗೇ ಸೋಲುತ್ತಾನೆ. ಇವತ್ತು ರಾತ್ರಿ ಮಲಗುವವರೆಗೆ ಅಂದರೆ ಸಾಕು. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿ ಈಗ ನಮ್ಮ ಊರುಗಳಲ್ಲೂ ನಡೆಯುವ ಎ.ಎ. ಕೂಟಗಳಲ್ಲಿ ಹೇಳುವುದೂ ಇದನ್ನೇ, ಒಂದು ದಿನಕ್ಕೆ ಒಂದು ದಿನ. 1940ರಲ್ಲಿ ಎಡ್ವರ್ಡ್ ಡೌಲಿಂಗ್ ಎಂಬ ಯೇಸುಸಭೆಯ ಗುರುಗಳು ಆ ಕೂಟದ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್‌ರವರನ್ನು ಹುಡುಕಿಕೊಂಡು ಹೋದರು. ಕೂಟದ ಹನ್ನೆರಡು ಹೆಜ್ಜೆಗಳಿಗೂ ಇನ್ನಾಸಿಯವರ ಸಾಧನೆಗಳಿಗೂ ಹೋಲಿಕೆ ಕಂಡಿದ್ದೇ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು.

ಆಮೇಲೆ ಬಂದದ್ದು ದೊಡ್ಡ ಕತ್ತಲೆ. ಮೊನ್ಸೆರಾತಿನಲ್ಲಿ ಎಲ್ಲಾ ಪಾಪ ಹೇಳಿದ್ದೇನೆಯೋ ಇಲ್ಲವೋ, ಏನಾದರೂ ಬಿಟ್ಟುಹೋಯಿತೋ ಎಂಬ ಅನುಮಾನ. ಮತ್ತೆ ಹೇಳಿದರು, ಮತ್ತೆ ಅನುಮಾನ. ತಿಂಗಳುಗಟ್ಟಲೆ ನಡೆಯಿತು. ಪ್ರಾರ್ಥನೆಯಲ್ಲಿ ರುಚಿ ಹೋಯಿತು. ಕೋಣೆಯಲ್ಲಿದ್ದ ಒಂದು ದೊಡ್ಡ ಗುಂಡಿಗೆ ಹಾರಿ ಪ್ರಾಣ ಬಿಡಬೇಕೆಂಬ ಯೋಚನೆಯೂ ಬಂತು. ದೇವರಿಗೆ ನೋವಾಗುವ ಕೆಲಸ ಮಾಡಲಾರೆ ಎಂದು ಕೂಗಿಕೊಂಡು ತಡೆದುಕೊಂಡರು. ಒಂದು ವಾರ ಪೂರ್ತಿ ಊಟ ಬಿಟ್ಟರು. ಪಾಪನಿವೇದನೆ ಕೇಳುವ ಗುರುಗಳು ಊಟ ಮಾಡು ಎಂದು ಆಜ್ಞೆ ಮಾಡಿದರು. ಮೈಯಲ್ಲಿ ಶಕ್ತಿ ಇದ್ದರೂ ಹಟ ಮಾಡದೆ ವಿಧೇಯರಾದರು. ಕಡೆಗೆ, ಈ ಯೋಚನೆಗಳು ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತಿವೆ ಎಂದು ನೋಡಿದಾಗ ಅವು ದೇವರಿಂದ ಬಂದವಲ್ಲವೆಂದು ತಿಳಿಯಿತು. ಹೇಳಿಯಾದ ಹಳೆಯ ಪಾಪವನ್ನು ಇನ್ನು ಎತ್ತುವುದಿಲ್ಲ ಎಂದು ನಿಶ್ಚಯಿಸಿದರು. ಅಂದಿನಿಂದ ಬಿಡುಗಡೆ.

ಪ್ರಾಣ ತೆಗೆದುಕೊಳ್ಳುವ ಯೋಚನೆ ಸಂತರಿಗೂ ಬಂದಿದ್ದುಂಟು, ಅದು ಬಂದಿತೆಂದು ನಾಚಿಕೆ ಬೇಡ. ಅಂಥ ಯೋಚನೆ ಇರುವವರು ಒಬ್ಬರೇ ಇರಬೇಡಿ. ಮನೆಯವರಿಗೆ ಹೇಳಿ, ಗುರುಗಳಿಗೆ ಹೇಳಿ, ಡಾಕ್ಟರ ಹತ್ತಿರವೂ ಹೋಗಿ. ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಅಂತ ಅಲ್ಲ. ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಫೋನ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಅನುಭವಿಸಿದ ಮೇಲೆ ಅವರು ಬರೆಯತೊಡಗಿದ್ದೇ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಸಣ್ಣ ಪುಸ್ತಕ. 1548ರಲ್ಲಿ ಮೂರನೇ ಪೌಲ್ ಜಗದ್ಗುರುಗಳು ಅದಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ ಮನಸ್ಸಿನ ಏರಿಳಿತಗಳನ್ನು ಗುರುತಿಸಲು ಕೆಲವು ನಿಯಮಗಳಿವೆ. ಎಲ್ಲವನ್ನೂ ಇಲ್ಲಿ ಹೇಳಲು ಜಾಗವಿಲ್ಲ. ಅವುಗಳಲ್ಲಿ ಐದನೆಯದು ನಮ್ಮಂಥವರಿಗೆ ಬಹಳ ಬೇಕಾದದ್ದು. ಮನಸ್ಸಿಗೆ ಬರಗಾಲ ಬಂದಾಗ, ಪ್ರಾರ್ಥನೆ ಸಪ್ಪೆಯಾದಾಗ, ದೇವರು ದೂರ ಹೋದಂತೆ ಅನಿಸಿದಾಗ, ಅದಕ್ಕೆ ಮುಂಚೆ ಒಳ್ಳೆಯ ಮನಸ್ಸಿನಲ್ಲಿ ಮಾಡಿದ್ದ ತೀರ್ಮಾನವನ್ನು ಬದಲಿಸಬಾರದು. ಕಾರಣ ಸರಳ. ಬೆಳಕಿದ್ದಾಗ ಆರಿಸಿಕೊಂಡ ದಾರಿ ಅದು. ಬೆಟ್ಟದ ಮೆಟ್ಟಿಲಲ್ಲಿ ಕರೆಂಟು ಹೋದರೆ ಪಕ್ಕದ ಪೊದೆಗೆ ಯಾರೂ ಇಳಿಯುವುದಿಲ್ಲ. ಕಂಬಿ ಹಿಡಿದುಕೊಂಡು ನಿಲ್ಲುತ್ತಾರೆ, ಇಲ್ಲವೇ ಅದೇ ಮೆಟ್ಟಿಲನ್ನು ತಡವಿಕೊಂಡು ನಡೆಯುತ್ತಾರೆ.

ಆದ್ದರಿಂದ ಕೆಲಸ ಹೋದ ವಾರದಲ್ಲೇ ಜಮೀನು ಮಾರುವ ಮಾತು ಬೇಡ. ಮನೆಯಲ್ಲಿ ಸಾವಾದ ತಿಂಗಳಲ್ಲಿ "ಇನ್ನು ಚರ್ಚಿಗೆ ಕಾಲಿಡಲ್ಲ" ಎಂಬ ಶಪಥ ಬೇಡ. ಬೇಸರದಲ್ಲಿ ಜಪಸರ ಬಿಡಬೇಕೆನಿಸಿದರೆ ಒಂದು ನಮೋ ಮರಿಯ ಜಾಸ್ತಿ ಹೇಳಿ. ಇನ್ನಾಸಿಯವರ ಉಪಾಯವೂ ಅದೇ, ಶೋಧನೆ ಎಳೆದ ಕಡೆಗೆ ಬಿಟ್ಟು ಎದುರು ಕಡೆಗೆ ಒಂದು ಹೆಜ್ಜೆ ಜಾಸ್ತಿ ಇಡುವುದು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಂಡನ ಏಟು ತಿನ್ನುತ್ತಿರುವ ತಂಗಿಗೆ "ತೀರ್ಮಾನ ಬದಲಿಸಬೇಡಮ್ಮ, ಸಹಿಸ್ಕೋ" ಎಂದು ಹೇಳಲು ಈ ನಿಯಮವನ್ನು ಯಾರೂ ಬಳಸಬಾರದು. ನಿಯಮ ಇರುವುದು ಒಳ್ಳೆಯ ತೀರ್ಮಾನ ಕಾಪಾಡಲು, ಏಟು ಕಾಪಾಡಲು ಅಲ್ಲ.

ಭಕ್ತಿಯ ವೇಷದಲ್ಲಿ ಬರುವ ಶೋಧನೆ ಇನ್ನೊಂದು. 1524ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಇನ್ನಾಸಿಯವರು ಬಾರ್ಸಿಲೋನಾ ನಗರದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕೂತರು. ಬಾಯಿಪಾಠ ಮಾಡಲು ಹೊರಟರೆ ಸಾಕು, ದೇವರ ಬಗ್ಗೆ ಹೊಸ ಹೊಸ ಆಲೋಚನೆಗಳು ಉಕ್ಕಿ ಬರುತ್ತಿದ್ದವು. ಪ್ರಾರ್ಥನೆಯಲ್ಲಿ, ಪೂಜೆಯಲ್ಲಿ ಇಷ್ಟು ಬರುತ್ತಿರಲಿಲ್ಲ. ಇದು ಮೋಸ ಎಂದು ಗುರುತಿಸಿ, ಮೇಷ್ಟ್ರನ್ನು ಚರ್ಚಿಗೆ ಕರೆದುಕೊಂಡು ಹೋಗಿ, ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವ ತನಕ ಎರಡು ವರ್ಷ ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. ಪರೀಕ್ಷೆಗೆ ಎರಡು ದಿನ ಇರುವಾಗ ಪುಸ್ತಕ ಮುಚ್ಚಿ ಹರಕೆಗೆಂದು ಬೆಟ್ಟಕ್ಕೆ ಬರುವ ಮಕ್ಕಳೇ, ಅಪ್ಪ ಅಮ್ಮಂದಿರೇ, ಇದನ್ನು ಗಮನಿಸಿ. ಮನೆಯಲ್ಲಿ ಕೂತು ಓದುವುದೇ ಆ ಎರಡು ದಿನದ ಪ್ರಾರ್ಥನೆ. ಹೀಗೆ ಬರೆದರೆ ಬೆಟ್ಟಕ್ಕೆ ಬರುವ ಜನ ಕಡಿಮೆಯಾಗುತ್ತಾರೆ ಎಂದು ಯಾರಾದರೂ ಅಂದರೆ ಅನ್ನಲಿ.

ಮುಂದೆ ಪ್ಯಾರಿಸಿನಲ್ಲಿ ಓದುವಾಗ ಝೇವಿಯರರೂ ಪೀಟರ್ ಫಾಬರರೂ ಅವರ ಕೋಣೆಯ ಜೊತೆಗಾರರಾದರು. ಅನುಮಾನ, ಅಂಜಿಕೆಗಳಿಂದ ನರಳುತ್ತಿದ್ದ ಫಾಬರರಿಗೆ ದಾರಿ ತೋರಿಸಿದ್ದು ಮನ್ರೇಸಾದ ಕತ್ತಲೆಯನ್ನು ದಾಟಿ ಬಂದಿದ್ದ ಇನ್ನಾಸಿಯವರೇ. ಫಾಬರರನ್ನು 2013ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಸಂತರೆಂದು ಸಾರಿದರು. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ವ್ರತ ತೊಟ್ಟದ್ದೂ ಒಂದು ಗುಡ್ಡದಲ್ಲೇ, ಮೊಮಾರ್ತ್ ಎಂದು ಅದರ ಹೆಸರು. ಝೇವಿಯರರು 1542ರಲ್ಲಿ ಗೋವೆಗೆ ಬಂದರು, ನಮ್ಮ ಚೌರಪ್ಪಂದಿರ ಹೆಸರು ಶುರುವಾಯಿತು.

ಕೊನೆಯ ಎರಡು ನಿಯಮಗಳಲ್ಲಿ ಇನ್ನಾಸಿಯವರು ಸೈತಾನನಿಗೆ ಎರಡು ಹೋಲಿಕೆ ಕೊಟ್ಟಿದ್ದಾರೆ. ಒಂದು, ಸೇನಾಪತಿ. ಸಿಪಾಯಿಯಾಗಿದ್ದವರಲ್ಲವೇ, ಅವರಿಗೆ ಗೊತ್ತು. ಸೇನಾಪತಿ ಕೋಟೆಯ ಸುತ್ತ ಓಡಾಡಿ ಯಾವ ಗೋಡೆ ಸಡಿಲವೋ ಅಲ್ಲಿಗೇ ನುಗ್ಗುತ್ತಾನೆ. ದುಡ್ಡಿನ ಆಸೆ ಇರುವವನಿಗೆ ಕುಡಿತದ ಶೋಧನೆ ಬರುವುದಿಲ್ಲ, ದುಡ್ಡಿನದೇ ಬರುತ್ತದೆ. ನಿಮ್ಮ ಸಡಿಲ ಗೋಡೆ ಯಾವುದೆಂದು ನಿಮಗೆ ತಿಳಿಯದಿದ್ದರೆ ಮನೆಯಾಕೆಯನ್ನು ಕೇಳಿ, ಥಟ್ಟನೆ ಹೇಳುತ್ತಾರೆ. ಇನ್ನೊಂದು, ಕದ್ದುಮುಚ್ಚಿ ಹೆಣ್ಣಿನ ಮನಸ್ಸು ಕೆಡಿಸುವ ಪುಂಡ. ಅವನು ಮೊದಲು ಹೇಳುವ ಮಾತೇ ಯಾರಿಗೂ ಹೇಳಬೇಡ ಅಂತ. ಅಪ್ಪನಿಗೋ ಗಂಡನಿಗೋ ಗೊತ್ತಾದ ಕೂಡಲೇ ಅವನ ಆಟ ಮುಗಿಯಿತು. ಮೊಬೈಲ್ ಸಾಲ ಒಂದು ಲಕ್ಷ ದಾಟುವುದು ಹೆಂಡತಿಗೆ ಹೇಳದೆ ಇದ್ದಾಗಲೇ. ಹತ್ತು ಸಾವಿರವಿದ್ದಾಗ ಹೇಳಿದರೆ ಒಂದು ಜಗಳ, ನಾಲ್ಕು ದಿನ ಮಾತಿಲ್ಲ, ಅಷ್ಟೇ.

ಪಾಪನಿವೇದನೆಯಲ್ಲಿ ನಡೆಯುವುದೂ ಇದೇ, ಗುಟ್ಟು ಬಾಯಿಯಿಂದ ಹೊರಬೀಳುವುದು. ಗುರುಗಳು ಕೇಳಿದ್ದನ್ನು ಎಲ್ಲೂ ಹೇಳುವಂತಿಲ್ಲ, ಧರ್ಮಸಭೆಯ ಕಟ್ಟುನಿಟ್ಟಾದ ನಿಯಮ ಅದು. ಜಾತ್ರೆಯ ದಿನ ಸಾಲು ಉದ್ದವಿರುತ್ತದೆ, ಹಿಂದಿನವರು ಅವಸರ ಮಾಡುತ್ತಾರೆ, ಮನಸ್ಸು ಬಿಚ್ಚಿ ಮಾತಾಡಲು ಆಗುವುದಿಲ್ಲ. ಅಂಥವರು ಒಂದು ಸಾಮಾನ್ಯ ದಿನ, ಬೆಳಗಿನ ಪೂಜೆ ಮುಗಿದ ಮೇಲೆ ಬನ್ನಿ. ಗುರುಗಳ ಮನೆಯ ಬಾಗಿಲಲ್ಲಿ ಬೆಲ್ ಇದೆ, ಒತ್ತಿ. ಕೂತು ಮಾತಾಡಲು ಕುರ್ಚಿ ಹಾಕಿಸಿದ್ದಾರೆ.