ರನ್ನನ ದುರ್ಯೋಧನ: ನಾಯಕಗುಣದ ಒಂದು ಪರೀಕ್ಷೆ

ನಾಯಕನಾದವನ ಗುಣಗಳನ್ನು ಕನ್ನಡ ಕಾವ್ಯಗಳಲ್ಲಿ ಅರಸಹೊರಟವರು ಸಾಮಾನ್ಯವಾಗಿ ಗೆದ್ದವರತ್ತಲೇ ತಿರುಗುತ್ತಾರೆ. ಸೋತವನನ್ನು ಗಮನಿಸುವುದು ಹೆಚ್ಚು ಫಲಪ್ರದವೆಂಬುದು ನನ್ನ ಅನಿಸಿಕೆ. ಮುಂಬಯಿಯ ಸಂಜೆ ತರಗತಿಯೊಂದರಲ್ಲಿ ‘ಗದಾಯುದ್ಧ’ವನ್ನು ಪಾಠ ಹೇಳುತ್ತಿದ್ದಾಗ, ಕಚೇರಿ ಮುಗಿಸಿ ಲೋಕಲ್ ರೈಲಿನಲ್ಲಿ ಬಂದಿದ್ದ ವಿದ್ಯಾರ್ಥಿಯೊಬ್ಬರು ಕೇಳಿದರು: “ಸರ್, ತನ್ನವರನ್ನೆಲ್ಲ ಸಾವಿಗೆ ದೂಡಿದವನನ್ನು ನಾಯಕನೆನ್ನುವುದು ಹೇಗೆ?” ಕಾವ್ಯದ ನಾಯಕ ಭೀಮ, ಅವನೊಡನೆ ಸಮೀಕರಿಸಲ್ಪಟ್ಟವನು ಚಾಲುಕ್ಯ ಸತ್ಯಾಶ್ರಯ ಎಂದು ಶಾಸ್ತ್ರೀಯ ಉತ್ತರ ಕೊಟ್ಟು ಪಾರಾದೆ. ಅವರು ಕೇಳಿದ್ದು ಅದನ್ನಲ್ಲ.

ಹದಿನೆಂಟನೆಯ ದಿನ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ಈ ನಡಿಗೆಯೇ ರನ್ನನ ಪ್ರತಿಭೆಯ ಶಿಖರ. ದ್ರೋಣನ ಶವದ ಮುಂದೆ ಶಿಷ್ಯನಾಗಿ ನಿಲ್ಲುತ್ತಾನೆ. ಶತ್ರುಪುತ್ರ ಅಭಿಮನ್ಯುವನ್ನು ಕಂಡಾಗ ಹಗೆಯನ್ನು ಬದಿಗಿಟ್ಟು, ಅವನ ಪರಾಕ್ರಮಕ್ಕೆ ಸಮನಾದ ಮರಣ ತನಗೂ ದೊರೆಯಲೆಂದು ಬೇಡುತ್ತಾನೆ. ದುಶ್ಶಾಸನನ ಬಳಿ ಅವನು ಅರಸನಲ್ಲ, ಅಣ್ಣ; ತಾಯ ಹಾಲಿನಿಂದ ಮೊದಲ್ಗೊಂಡು ಎಲ್ಲದರಲ್ಲೂ ತನ್ನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿದನೆಂದು ಕೊರಗುತ್ತಾನೆ. ಪರಗುಣವನ್ನು ಒಪ್ಪುವ ಔದಾರ್ಯ, ಆಶ್ರಿತರಲ್ಲಿ ನಿಜವಾದ ಮಮತೆ ಇವೆರಡೂ ಅವನಲ್ಲಿವೆ. ಜನರು ಅವನಿಗಾಗಿ ಪ್ರಾಣ ಕೊಟ್ಟದ್ದು ಕೇವಲ ಅನ್ನದ ಋಣಕ್ಕಲ್ಲ.

ಕರ್ಣನ ಶವದ ಬಳಿ ಮಾತು ಬೇರೆಯೇ ಆಗುತ್ತದೆ. ಕರ್ಣನು ಪಾಂಡವರ ಅಣ್ಣನೆಂಬುದು ಕುಂತಿಗೆ, ಕೃಷ್ಣನಿಗೆ ಗೊತ್ತಿದ್ದಂತೆ ತನಗೂ ಗೊತ್ತಿತ್ತೆಂದು ಅವನು ಹೇಳಿಬಿಡುತ್ತಾನೆ. ವಿಮರ್ಶಕರು ಇಲ್ಲಿ ಸ್ನೇಹದ ಆಳವನ್ನು ಕಂಡಿದ್ದಾರೆ, ಅದು ಸರಿಯೇ. ಆದರೆ ತಿಳಿದೂ ತಮ್ಮಂದಿರ ಎದುರು ಅವನನ್ನು ನಿಲ್ಲಿಸಿದ ಒಡೆಯನ ಹೊಣೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ನಾವು ತರಗತಿಗಳಲ್ಲಿ ಅಷ್ಟಾಗಿ ಎತ್ತುವುದಿಲ್ಲ. ಪದ್ಯದ ಸೊಗಸು ನಮ್ಮನ್ನು ಮುಂದೆ ಸಾಗಿಸಿಬಿಡುತ್ತದೆ.

ಧೃತರಾಷ್ಟ್ರ, ಗಾಂಧಾರಿ, ಭೀಷ್ಮ ಎಲ್ಲರೂ ಸಂಧಿಯ ಮಾತನಾಡುತ್ತಾರೆ. ಅವನು ನಿರಾಕರಿಸುವುದು ರಾಜ್ಯದಾಸೆಯಿಂದಲ್ಲ. ಕರ್ಣ ದುಶ್ಶಾಸನರಿಲ್ಲದ ನೆಲ ತನಗೇಕೆಂಬ ನಿಷ್ಠೆಯಿಂದ. ಈ ನಿಷ್ಠೆ ಮನುಷ್ಯನಾಗಿ ಅವನನ್ನು ಎತ್ತರಿಸುತ್ತದೆ, ನಾಯಕನಾಗಿ ಕೆಡಿಸುತ್ತದೆ. ಸತ್ತವರಿಗೆ ಕೊಟ್ಟ ಮಾತು ಅವನಿಗೆ ನೆನಪಿದೆ. ಬದುಕಿರುವವರ ಲೆಕ್ಕ ಅವನಲ್ಲಿಲ್ಲ. ಹಿರಿಯರ ಮಾತನ್ನು ಗೌರವದಿಂದ ಕೇಳುತ್ತಾನೆ, ಆದರೆ ಅದು ಅವನ ನಿರ್ಧಾರವನ್ನು ಮುಟ್ಟುವುದಿಲ್ಲ. ಕೇಳುವುದು ಬೇರೆ, ಕೇಳಿ ಬದಲಾಗುವುದು ಬೇರೆ.

ಭೀಷ್ಮನ ಒಂದು ಮಾತನ್ನಷ್ಟೇ ಅವನು ನಡೆಸಿದ್ದು: ಒಂದು ದಿನ ವೈಶಂಪಾಯನ ಸರೋವರದಲ್ಲಿ ಮರೆಯಾಗಿರುವುದು. ಅದನ್ನೂ ಕೊನೆಯವರೆಗೆ ನಡೆಸಲಾಗಲಿಲ್ಲ. ದಡದಲ್ಲಿ ಭೀಮನ ಮೂದಲಿಕೆ ಕೇಳಿ, ತಣ್ಣೀರಿನೊಳಗಿದ್ದೂ ಬೆವತು, ಗದೆಯೊಡನೆ ಒಬ್ಬನೇ ಮೇಲೆದ್ದು ಬರುತ್ತಾನೆ. ಆ ಹೊತ್ತಿಗೆ ಅವನ ಹಿಂದೆ ನಡೆಯಲು ಸೇನೆಯೆಂಬುದು ಉಳಿದಿರಲಿಲ್ಲ.