ಎಂಜಿನ್ನಿನ ವೇಗದ ಮೇರೆ

ಬೀದರ ನಗರದಿಂದ ಭಾಲ್ಕಿಯ ಕಡೆಗಾಗಲಿ ಔರಾದಿನ ಕಡೆಗಾಗಲಿ ಹೊರಟರೆ ದಾರಿಯುದ್ದಕ್ಕೂ ತೊಗರಿ, ಜೋಳ, ಕಬ್ಬಿನ ಹೊಲಗಳು ಕಾಣುತ್ತವೆ. ಇಂತಹ ಹೊಲವೊಂದರ ಬಾವಿಯ ದಂಡೆಯ ಮೇಲೆ ಡೀಸೆಲ್ ಎಂಜಿನ್ ಓಡುತ್ತಿದೆಯೆಂದು ಭಾವಿಸಿರಿ. ಬಾವಿಯ ನೀರು ತಳಕ್ಕಿಳಿದು ಪಂಪು ಗಾಳಿಯನ್ನು ಹೀರಿದೊಡನೆ ಎಂಜಿನ್ನಿನ ಭಾರ ತಟ್ಟನೆ ಇಳಿದುಹೋಗುತ್ತದೆ. ಅದರ ಸದ್ದು ಒಮ್ಮೆ ಏರುತ್ತದೆ. ಮರುಕ್ಷಣವೇ ಮೊದಲಿನ ಲಯಕ್ಕೆ ಮರಳುತ್ತದೆ. ಅದರ ಮೂಗುದಾರವನ್ನು ಹಿಡಿದೆಳೆದವರು ಯಾರು?

ಗವರ್ನರ್ ಎಂಬ ಚಿಕ್ಕ ಸಾಧನವೇ ಈ ಕೆಲಸ ಮಾಡುತ್ತದೆ. ಎಂಜಿನ್ನಿನೊಡನೆ ತಿರುಗುವ ಎರಡು ತೂಕದ ತುಂಡುಗಳು, ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ ಇಂಧನವನ್ನು ತಗ್ಗಿಸುತ್ತವೆ. ಒಂದು ಸ್ಪ್ರಿಂಗ್ ಅವುಗಳನ್ನು ಒಳಕ್ಕೆಳೆಯುತ್ತಿರುತ್ತದೆ. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ್ದು ಇದೇ ತತ್ತ್ವವನ್ನು. ಸ್ಪ್ರಿಂಗನ್ನು ಬಿಗಿಗೊಳಿಸಿದರೆ ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ 1800 ಸುತ್ತು ತಿರುಗೀತು. ಒಂದು ತಿರುಪನ್ನು ತಿರುಗಿಸಿದರೆ ಸಾಕು! ಅಪಾಯವಿರುವುದು ಈ ಸುಲಭತೆಯಲ್ಲಿಯೇ.

ಪಂದ್ಯದ ಕಾರುಗಳನ್ನು ಸಿದ್ಧಪಡಿಸುವವರಿಗೂ ಇದೇ ಆಸೆ ಹುಟ್ಟುತ್ತದೆ. ಇಂದಿನ ಕಾರಿನಲ್ಲಿ ವೇಗ ಮೇರೆಯನ್ನು ಮುಟ್ಟಿದಾಗ ಇಂಧನವನ್ನೋ ಕಿಡಿಯನ್ನೋ ತಡೆಯುವುದು ವಿದ್ಯುನ್ಮಾನ ಪೆಟ್ಟಿಗೆ. ಅಲ್ಲಿ ತಿರುಪಿನ ಬದಲು ಒಂದು ಅಂಕಿಯನ್ನು ಬದಲಿಸಿದರಾಯಿತು. ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 50 ಸಲ ಇಂಧನ ಉರಿಯುತ್ತದೆ. ಸುತ್ತುಗಳು ಹೆಚ್ಚಿದರೆ ಉರಿಯುವ ಸಲಗಳೂ ಹೆಚ್ಚಿ ಶಕ್ತಿಯೂ ಬೆಳೆಯಬೇಕಲ್ಲವೇ? ಬೆಳೆಯುತ್ತದೆ, ಆದರೆ ಸಿಲಿಂಡರು ಗಾಳಿಯನ್ನು ತುಂಬಿಕೊಳ್ಳಬಲ್ಲಷ್ಟು ವೇಗದವರೆಗೆ ಮಾತ್ರ. ಅದರಾಚೆಗೆ ಸದ್ದು ಹೆಚ್ಚುತ್ತದೆ, ಶಕ್ತಿ ಕುಗ್ಗುತ್ತದೆ. ಆದುದರಿಂದ ಬಲ್ಲವರು ಮೊದಲು ಎಂಜಿನ್ನಿನ ಶಕ್ತಿಯನ್ನು ಅಳತೆಯ ಯಂತ್ರದ ಮೇಲೆ ಪರೀಕ್ಷಿಸುತ್ತಾರೆ. ಶಕ್ತಿ ಆಗಲೇ ಇಳಿಮುಖವಾಗಿದ್ದರೆ ಮೇರೆಯನ್ನು ಏರಿಸುವುದು ವ್ಯರ್ಥ ಸಾಹಸವೇ ಸರಿ.

ಇನ್ನು ಅಪಾಯದ ಲೆಕ್ಕವನ್ನು ನೋಡೋಣ. 6000 ಸುತ್ತಿನಲ್ಲಿ ಪಿಸ್ಟನ್ ಸೆಕೆಂಡಿಗೆ 200 ಸಲ ನಿಂತು ಹಿಂದಿರುಗಬೇಕು. ಪಿಸ್ಟನ್ನಿನ ತೂಕ 300 ಗ್ರಾಂ, ಅದರ ಓಟ 80 ಮಿಲಿಮೀಟರ್ ಎಂದಿಟ್ಟುಕೊಳ್ಳಿರಿ. ಮೇಲಿನ ತುದಿಯಲ್ಲಿ ಅದು ಕನೆಕ್ಟಿಂಗ್ ರಾಡನ್ನು ಸುಮಾರು 600 ಕಿಲೋಗ್ರಾಂ ಭಾರ ತೂಗಿದಂತೆ ಸೆಳೆಯುತ್ತದೆ! ಈ ಸೆಳೆತ ಬೆಳೆಯುವುದು ವೇಗದ ವರ್ಗಕ್ಕೆ ಅನುಗುಣವಾಗಿ. ವೇಗವನ್ನು 7200 ಸುತ್ತಿಗೆ, ಎಂದರೆ ಐದನೆಯ ಒಂದು ಪಾಲಿನಷ್ಟು, ಏರಿಸಿದರೆ ಸೆಳೆತ 1.44 ಪಟ್ಟಾಗಿ 900 ಕಿಲೋಗ್ರಾಂ ಸಮೀಪಿಸುತ್ತದೆ. ಇಂಧನದ ಸ್ಫೋಟದಿಂದಲೇ ರಾಡು ಮುರಿಯುತ್ತದೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಆಗ ಅನಿಲದ ಒತ್ತಡ ಪಿಸ್ಟನ್ನನ್ನು ತಡೆದು ರಾಡಿನ ಸೆಳೆತವನ್ನು ತಗ್ಗಿಸುತ್ತದೆ. ಹೊಗೆಯನ್ನು ಹೊರದೂಡಿದ ಕೊನೆಯ ಕ್ಷಣದಲ್ಲಿ ಅಂತಹ ಆಸರೆಯಿಲ್ಲ. ಇಡೀ ಸೆಳೆತವನ್ನು ರಾಡೂ ಅದರ ಎರಡು ಸಣ್ಣ ಬೋಲ್ಟುಗಳೂ ಹೊರಬೇಕು.

ಕವಾಟಗಳದು ಬೇರೆಯೇ ಕಷ್ಟ. ಅವುಗಳನ್ನು ಮುಚ್ಚುವುದು ಸ್ಪ್ರಿಂಗ್. ವೇಗ ಮಿತಿಮೀರಿದರೆ ಸ್ಪ್ರಿಂಗ್ ಹಿಂದೆ ಬಿದ್ದು, ಕವಾಟವು ಮುಚ್ಚುವ ಮೊದಲೇ ಪಿಸ್ಟನ್ ಮೇಲೇರಿ ಅದಕ್ಕೆ ಬಡಿಯಬಹುದು. (1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಎರಡು ಹೊಡೆತದ ಮೋಟಾರ್ ಸೈಕಲ್ಲುಗಳಿಗೆ ಇಂತಹ ಕವಾಟಗಳೇ ಇರಲಿಲ್ಲವಾದುದರಿಂದ ಈ ಒಂದು ಚಿಂತೆಯಿಂದ ಅವು ಪಾರು.)

ಆದುದರಿಂದ ಅಂಕಿಯನ್ನು ಬದಲಿಸುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಹಗುರವಾದ ಪಿಸ್ಟನ್, ಬಡಿದು ರೂಪಿಸಿದ ಗಟ್ಟಿ ಉಕ್ಕಿನ ರಾಡು, ಹೊಸ ಬೋಲ್ಟು, ಬಿಗಿಯಾದ ಸ್ಪ್ರಿಂಗ್ ಇವುಗಳನ್ನು ಜೋಡಿಸಬೇಕು. ತಿರುಗುವ ಭಾಗಗಳ ತೂಕವನ್ನು ಸರಿದೂಗಿಸಬೇಕು. ಬೇರಿಂಗುಗಳಿಗೆ ಎಣ್ಣೆ ತಪ್ಪದೆ ತಲುಪುವುದನ್ನು ಖಚಿತಪಡಿಸಿಕೊಳ್ಳಬೇಕು. ಬಳಿಕ ಮೇರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಹಂತದಲ್ಲಿಯೂ ಪರೀಕ್ಷಿಸಬೇಕು. ಇಷ್ಟಾದರೂ ಒಂದು ದಾರಿ ತೆರೆದೇ ಇರುತ್ತದೆ: ಓಡುವ ಕಾರಿನಲ್ಲಿ ಚಾಲಕನು ತಪ್ಪಿ ಕೆಳಗಿನ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಇಂಧನವನ್ನು ತಡೆದು ಪ್ರಯೋಜನವಿಲ್ಲ.

2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯಗಳ ಕಾರುಗಳಿಗೆ ನಿಯಮದಂತೆ 18,000 ಸುತ್ತಿನ ಮೇರೆಯಿತ್ತು. ಅವುಗಳ ಪಿಸ್ಟನ್ನಿನ ಓಟ ಸುಮಾರು 40 ಮಿಲಿಮೀಟರ್ ಮಾತ್ರ; ಕವಾಟಗಳನ್ನು ಮುಚ್ಚುತ್ತಿದ್ದುದು ಉಕ್ಕಿನ ಸ್ಪ್ರಿಂಗ್ ಅಲ್ಲ, ಅದುಮಿದ ಅನಿಲ. ಆ ವೇಗಕ್ಕೆಂದೇ ಹುಟ್ಟಿದ ಎಂಜಿನ್ನುಗಳವು.

ಬಾವಿಯ ದಂಡೆಯ ಎಂಜಿನ್ನಾದರೋ ಹಾಗೆ ಹುಟ್ಟಿದುದಲ್ಲ. 1800 ಸುತ್ತಿನಲ್ಲಿ ಅದರ ಭಾರವಾದ ಫ್ಲೈವೀಲಿನ ಅಂಚಿನ ಮೇಲೂ ಸೆಳೆತ 1.44 ಪಟ್ಟಾಗುತ್ತದೆ, ಎರಕದ ಕಬ್ಬಿಣದಲ್ಲಿ ಬಿರುಕಿದ್ದರೆ ಚೂರುಗಳು ಗುಂಡಿನಂತೆ ಸಿಡಿಯಬಲ್ಲವು. ಅದೇ ಪಂಪನ್ನು ಅಷ್ಟು ವೇಗವಾಗಿ ತಿರುಗಿಸಲು ಬೇಕಾಗುವ ಶಕ್ತಿಯೋ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚು ಕಡಿಮೆ 1.7 ಪಟ್ಟು. ಎಂಜಿನ್ ಕರಿಹೊಗೆ ಕಾರುತ್ತದೆ; ಡೀಸೆಲ್ ಖರ್ಚಾಗುತ್ತದೆ. ಹೆಚ್ಚು ನೀರು ಬೇಕಾದ ರೈತನು ಬಾವಿಯ ಆಳಕ್ಕೂ ಎಂಜಿನ್ನಿನ ಶಕ್ತಿಗೂ ಹೊಂದುವ ಬೇರೆ ಪಂಪನ್ನು ಆರಿಸಿಕೊಳ್ಳಬೇಕು. ಗವರ್ನರಿನ ತಿರುಪು ಇದ್ದಂತೆಯೇ ಇರಲಿ.